ಕತ್ತಲೆಯ ಹನ್ನೊಂದು ಗಂಟೆ

ಬೆಂಗಳೂರಿನ ಹೊಸಹಳ್ಳಿಯಲ್ಲಿ ನನ್ನ ಅಂಗಡಿಗೂ ಪಕ್ಕದ ಮನೆಯ ಮೆಟ್ಟಿಲಿಗೂ ನಡುವೆ ಬೂದು ಬಣ್ಣದ ಒಂದು ಸ್ಕೂಟರು ಎರಡು ತಿಂಗಳಿಂದ ನಿಂತಲ್ಲೇ ನಿಂತಿದೆ. ಒಡೆಯ ಇದ್ದಾಗ ಅದರ ಮಡ್‌ಗಾರ್ಡಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಈಗ ಸೀಟಿನ ಮೇಲೆ ಬೀದಿಯ ಬೆಕ್ಕು ಮಲಗುತ್ತದೆ. ಬೆಕ್ಕಿನ ಬಾಲಕ್ಕೆ ಡಬ್ಬ ಕಟ್ಟುವ ವಯಸ್ಸು ದಾಟಿತು ಎಂದು ಸುಳ್ಳು ಹೇಳಲಾರೆ, ಎಪ್ಪತ್ತೆರಡರಲ್ಲೂ ಕೈ ತುರಿಸುತ್ತದೆ. ಆದರೆ ಆ ಸ್ಕೂಟರಿನ ಹತ್ತಿರ ಮಾತ್ರ ಹೋಗುವುದಿಲ್ಲ.

ಮೊದಲು ನನ್ನ ಬಗ್ಗೆ ಎರಡು ಮಾತು. ನನ್ನ ಬಗ್ಗೆ ಹೇಳದೆ ನಾನು ಯಾರ ಬಗ್ಗೆಯೂ ಹೇಳಿದವನಲ್ಲ. ನನ್ನದು ರಬ್ಬರ್ ಸ್ಟಾಂಪಿನ ಅಂಗಡಿ. ಜೊತೆಗೆ ಟೈಪಿಂಗು, ಜೆರಾಕ್ಸು, ಲ್ಯಾಮಿನೇಷನ್ನು. ವಿಜಯನಗರದಿಂದ ಕಾಮಾಕ್ಷಿಪಾಳ್ಯದವರೆಗೆ ನಾನು ಮಾಡಿಕೊಡದ ಸೀಲಿಲ್ಲ, ನಾನು ಕೀಟಲೆ ಮಾಡದ ಮನುಷ್ಯನಿಲ್ಲ. ಎದುರಿನ ಕಟಿಂಗ್ ಶಾಪಿನವನು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಗ ಅವನ ಬೋಳು ತಲೆಯ ಮೇಲೆ ‘ಅವಧಿ ಮುಗಿದಿದೆ’ ಎಂದು ಸೀಲು ಒತ್ತಿದವನು ನಾನು. ಅದೇ ತಲೆಯಲ್ಲಿ ಅವನು ನಾಲ್ಕು ಗಿರಾಕಿಗಳಿಗೆ ಕಟಿಂಗ್ ಮಾಡಿ ಕಳಿಸಿದ. ನಮ್ಮ ಬೀದಿಯ ದಿನಸಿಯವನಿಗೆ ತಕ್ಕಡಿ ತಪಾಸಣೆಯ ಸರ್ಕಾರಿ ನೋಟೀಸು ಕಳಿಸಿ, ಮೂರು ದಿನ ಸರಿಯಾಗಿ ತೂಗುವಂತೆ ಮಾಡಿದವನೂ ನಾನೇ. ಜನ ನನ್ನನ್ನು ಸೀಲಪ್ಪ ಎನ್ನುತ್ತಾರೆ. ಯಾರ ಸಹಿಯಾದರೂ ಸರಿ, ಒಂದು ಸಲ ನೋಡಿದರೆ ನನ್ನ ಕೈಗೆ ಬಂದುಬಿಡುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ.

ಇಷ್ಟು ವರ್ಷದಲ್ಲಿ ನನ್ನ ಕೀಟಲೆಗೆ ಸಿಗದೆ ಹೋದ ಒಬ್ಬರೇ ಒಬ್ಬರು ಆ ಸ್ಕೂಟರಿನ ಒಡೆಯರು.

ಹೆಗ್ಗನಹಳ್ಳಿಯ ಹಳೇ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಕಡೆ ಈಗ ಅಣ್ಣಂದಿರ ಬಾಡಿಗೆ ಕಟ್ಟಡಗಳಿವೆ. ಮನೆಯವರೆಲ್ಲ ನೆಲ ನೋಡಿಕೊಂಡು ಕೂತರೆ ಇವರೊಬ್ಬರು ವಾಯುಸೇನೆ ಸೇರಿ ಹೆಲಿಕಾಪ್ಟರ್ ಪೈಲಟ್ ಆದರು. ಇಪ್ಪತ್ತು ಚಿಲ್ಲರೆ ವರ್ಷ ಹಿಮದ ಬೆಟ್ಟಗಳ ನಡುವೆ ಹಾರಿದರು. ಮೇಲೆ ಕಾವಲಿದ್ದವರಿಗೆ ಸೀಮೆಎಣ್ಣೆ, ಅಕ್ಕಿ, ಮನೆಯ ಕಾಗದ ಹೊತ್ತು ಹಾಕುವುದು, ಇಳಿಯುವಾಗ ಕಾಯಿಲೆ ಬಿದ್ದವರನ್ನು ಹೊತ್ತು ತರುವುದು. ಐವತ್ತಕ್ಕೆ ಎರಡು ವರ್ಷ ಇರುವಾಗ ಸೇನೆ ಬಿಟ್ಟು ಬಂದು, ನನ್ನ ಅಂಗಡಿಯ ಪಕ್ಕದಲ್ಲಿ ಹೆಂಡತಿಯ ತವರುಮನೆಯ ಮಹಡಿಯಲ್ಲಿ ನೆಲೆಸಿದರು. ಹೆಂಡತಿ ಬಸವೇಶ್ವರನಗರದ ಒಂದು ಶಾಲೆಯಲ್ಲಿ ಟೀಚರು, ನಮಗೆಲ್ಲ ಮೇಡಂ. ಮಕ್ಕಳಿರಲಿಲ್ಲ.

ಮೊದಲ ದಿನವೇ ನಾನು ಕ್ಯಾಪ್ಟನ್ ಎಂದು ಕರೆದೆ. ನಮ್ಮಲ್ಲಿ ಆ ಹೆಸರಿನ ಹುದ್ದೆಯೇ ಇಲ್ಲ, ಹಾಗೆ ಕರೆಯಬೇಡಿ ಎಂದರು. ಅವರಿಗೆ ಇಷ್ಟವಿಲ್ಲ ಎಂದು ಗೊತ್ತಾದ ಮೇಲೆ ಬೇರೆ ಹೆಸರಿನ ಮಾತೇ ಇರಲಿಲ್ಲ.

ಹಾಲು ತರಲು ಹೋಗುವುದಿದ್ದರೂ ಸ್ಕೂಟರಿಗೆ ಒಂದು ಪ್ರದಕ್ಷಿಣೆ. ಮುಂದಿನ ಟೈರು, ಕನ್ನಡಿ, ದೀಪ, ಹಿಂದಿನ ಟೈರು, ಕೊನೆಗೆ ಹಿಂದಿನ ಬ್ರೇಕು. ಪ್ರತಿಯೊಂದನ್ನೂ ಕೈಯಲ್ಲಿ ಮುಟ್ಟಬೇಕು, ಕಣ್ಣಲ್ಲಿ ನೋಡಿದರೆ ಸಾಲದು. ನನಗಂತೂ ಹಬ್ಬ. ಒಂದು ದಿನ ಕನ್ನಡಿಯ ನಟ್ಟು ಸಡಿಲ ಮಾಡಿದೆ, ಒಂದು ದಿನ ಟೈರಿನಡಿ ನಿಂಬೆಹಣ್ಣು ಇಟ್ಟೆ, ಒಂದು ದಿನ ಎರಡೇ ಎರಡು ಪಾಯಿಂಟ್ ಗಾಳಿ ಬಿಟ್ಟೆ. ಅವರು ಅಂಗಡಿಯ ಕಡೆ ತಿರುಗಿಯೂ ನೋಡದೆ ಹೇಳುತ್ತಿದ್ದರು: “ಎರಡು ಪಾಯಿಂಟು. ಇವತ್ತು ನಿಮ್ಮ ಮೂಡ್ ಚೆನ್ನಾಗಿಲ್ಲ ಅನ್ಸುತ್ತೆ ಸೀಲಪ್ಪನೋರೇ, ನಿನ್ನೆ ನಾಲ್ಕು ಬಿಟ್ಟಿದ್ರಿ.”

ಇನ್ನೊಂದು ಅಭ್ಯಾಸ ಬೀದಿಗೆಲ್ಲ ಗೊತ್ತಿತ್ತು. ಬೆಳಗ್ಗೆ ಆರಕ್ಕೆ ಶುರುವಾದ ಮನುಷ್ಯ ಹನ್ನೆರಡರ ಮೇಲೆ ಯಾವ ಕೆಲಸಕ್ಕೂ ಕೈ ಹಾಕುತ್ತಿರಲಿಲ್ಲ. ಬ್ಯಾಂಕಿಗೆ ಹೋಗುವುದಾಗಲಿ, ಮೊಳೆ ಹೊಡೆಯುವುದಾಗಲಿ, ಒಂದು ಕಾಗದ ಬರೆಯುವುದಾಗಲಿ, ಎಲ್ಲಾ ಮಧ್ಯಾಹ್ನದ ಒಳಗೆ. ಕೇಳಿದರೆ ಗಾಳಿ ಏಳುತ್ತದೆ ಎನ್ನುತ್ತಿದ್ದರು. ಹೊಸಹಳ್ಳಿಯಲ್ಲಿ ಎಂಥಾ ಗಾಳಿ ಎಂದು ನಾನು ನಕ್ಕೆ. ಆಮೇಲೆ ವಿವರಿಸಿದರು. ಹಿಮದ ಕಣಿವೆಗಳಲ್ಲಿ ಬಿಸಿಲು ಏರಿದಂತೆ ಗಾಳಿ ಹುಚ್ಚೆದ್ದು ಬರುತ್ತದಂತೆ, ಮಧ್ಯಾಹ್ನದ ಒಳಗೆ ಇಳಿಯದವನು ಇಳಿಯುವುದೇ ಇಲ್ಲವಂತೆ. ಇಪ್ಪತ್ತು ವರ್ಷ ಹಾಗೆ ಬದುಕಿದ ಮೈ, ಪಶ್ಚಿಮ ಬೆಂಗಳೂರಿಗೆ ಬಂದರೂ ಮರೆಯಲಿಲ್ಲ. ಬರೆದ ಪ್ರತಿ ಕಾಗದದ ಬಲಮೂಲೆಯಲ್ಲಿ ತಾರೀಖಿನ ಕೆಳಗೆ ನಾಲ್ಕು ಅಂಕಿಯಲ್ಲಿ ಟೈಮು ಹಾಕುವುದೂ ಆ ಕಾಲದ್ದೇ ಅಭ್ಯಾಸ.

ಅಣ್ಣಂದಿರು ಬಾಡಿಗೆ ವಸೂಲಿ ನೋಡಿಕೋ ಎಂದರು. ಅವರಿಗೆ ಬೇಕಾಗಿದ್ದದ್ದು ಒಂದೇ, ಮತ್ತೆ ಹಾರುವುದು. ಅದಕ್ಕೆ ಒಂದು ಲೈಸೆನ್ಸ್ ಬೇಕು. ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಲೈಸೆನ್ಸ್ ಎಂದು ಹೆಸರು, ಹೆಲಿಕಾಪ್ಟರಿನವರಿಗೂ ಅದೇ ಹೆಸರು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಟ್ಟೆಗಳಿಗೆ ಜನರನ್ನು ಸಾಗಿಸುವ ದೊಡ್ಡ ಹೆಲಿಕಾಪ್ಟರುಗಳಿವೆ. ಅದರ ಮುಖ್ಯ ಸೀಟಿನಲ್ಲಿ ಕೂರಲು ಅದು ಬೇಕೇ ಬೇಕು. ಮುಂಬೈ ಕಡೆಯ ಒಂದು ಕಂಪನಿ, ಲೈಸೆನ್ಸ್ ತನ್ನಿ, ಸೀಟು ಇದೆ ಎಂದಿತ್ತು. ಸೇನೆಯಿಂದ ಬಂದವರಿಗೆ ದಾರಿ ಕೊಂಚ ಹತ್ತಿರ: ಅಲ್ಲಿ ಹಾರಿದ ಗಂಟೆಗಳನ್ನು ಇಲ್ಲಿ ಒಪ್ಪಿಕೊಳ್ಳುತ್ತಾರೆ. ಆದರೆ ಪರೀಕ್ಷೆಗಳನ್ನು ಬರೆಯಬೇಕು, ರೇಡಿಯೋದಲ್ಲಿ ಮಾತಾಡುವುದಕ್ಕೆ ಬೇರೆ ಪರೀಕ್ಷೆ, ಡಾಕ್ಟರ ತಪಾಸಣೆ, ಕೊನೆಗೆ ಹಾರಿದ ಗಂಟೆಗಳ ಪಟ್ಟಿ.

ಪರೀಕ್ಷೆಗೆ ಓದಿಸಿದವನು ಯಾರು ಅಂದುಕೊಂಡಿರಿ? ನಾನೇ. ದಿನಾ ಬೆಳಗ್ಗೆ ಎಂಟರಿಂದ ಒಂಬತ್ತು ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದರು. ನಾನು ಪ್ರಶ್ನೆಪುಸ್ತಕ ಹಿಡಿದು ನನ್ನ ಇಂಗ್ಲಿಷಿನಲ್ಲಿ ಓದುವುದು, ಅವರು ನಾಲ್ಕು ಉತ್ತರದಲ್ಲಿ ಒಂದನ್ನು ಹೇಳುವುದು. ಸರಿ ಉತ್ತರ ಹೇಳಿದರೂ ತಪ್ಪು ಎನ್ನುತ್ತಿದ್ದೆ. ಅವರು ಇನ್ನೊಂದು ಸಲ ನೋಡಿ ಎನ್ನುತ್ತಿದ್ದರು. ಎಂದೂ ರೇಗಲಿಲ್ಲ. ಒಂದು ದಿನ ಕಣಿವೆಯಲ್ಲಿ ಗಾಳಿ ಯಾವ ಹೊತ್ತಿನಲ್ಲಿ ಮೇಲಕ್ಕೇರುತ್ತದೆ ಎಂಬ ಪ್ರಶ್ನೆ ಬಂತು. ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ತಾವೇ ಓದಿದರು.

“ಗೊತ್ತಿಲ್ವಾ ಕ್ಯಾಪ್ಟನ್?” ಎಂದು ಚುಡಾಯಿಸಿದೆ.

“ಇದಕ್ಕೆ ಉತ್ತರ ತಪ್ಪು ಬರೆದೋರನ್ನ ನಾನೇ ಹೊತ್ಕೊಂಡು ಬಂದಿದೀನಿ,” ಎಂದರು. “ಬಿ ಹಾಕಿ. ಮುಂದಿಂದು ಓದಿ.”

ಎಲ್ಲ ಪರೀಕ್ಷೆಗಳೂ ಪಾಸಾದವು. ಅದರಲ್ಲಿ ಅರ್ಧ ಪಾಲು ನನ್ನದೆಂದು ಬೀದಿಗೆಲ್ಲ ಹೇಳಿದೆ. ಆಮೇಲೆ ಗಂಟೆಗಳ ಪಟ್ಟಿ ಟೈಪ್ ಮಾಡಿಸಲು ಅವರ ಲಾಗ್‌ಬುಕ್ಕು ನನ್ನ ಮೇಜಿಗೆ ಬಂತು. ಪೈಲಟ್ಟುಗಳು ಪ್ರತಿ ಹಾರಾಟವನ್ನೂ ಕೈಯಾರೆ ಬರೆದಿಡುವ ದಪ್ಪ ಪುಸ್ತಕ ಅದು. ಹಗಲಿನ ಹಾರಾಟ ಕಪ್ಪು ಶಾಯಿಯಲ್ಲಿ, ರಾತ್ರಿಯದು ಕೆಂಪು ಶಾಯಿಯಲ್ಲಿ. ಪುಟ ಪುಟವೂ ಕಪ್ಪು. ಕೆಂಪು ಎಲ್ಲೋ ಒಂದೊಂದು ಸಾಲು, ಅಕ್ಕಿಯಲ್ಲಿ ಬಿದ್ದ ಮೆಣಸಿನಕಾಯಿಯ ಚೂರಿನಂತೆ. ಬೆಟ್ಟದಲ್ಲಿ ಮಧ್ಯಾಹ್ನಕ್ಕೇ ಇಳಿಯುವವನಿಗೆ ರಾತ್ರಿಯ ಗಂಟೆ ಎಲ್ಲಿಂದ ಬರಬೇಕು? ಲೈಸೆನ್ಸಿಗೆ ರಾತ್ರಿ ಹೊತ್ತು ಕ್ಯಾಪ್ಟನ್ನಾಗಿ, ಅಂದರೆ ಯಂತ್ರದ ಹೊಣೆ ಹೊತ್ತವನಾಗಿ, ಇಷ್ಟು ಗಂಟೆ ಹಾರಿರಬೇಕೆಂದು ನಿಯಮ. ಕೂಡಿ ನೋಡಿದರೆ ಹನ್ನೊಂದು ಗಂಟೆ ಕಮ್ಮಿ.

ಸಾವಿರಾರು ಗಂಟೆ ಹಾರಿದವರಿಗೆ ಹನ್ನೊಂದು ಗಂಟೆ ಅಡ್ಡ ನಿಂತಿತು. ನನ್ನ ಮೇಜಿನ ಮೇಲೆ ಕೆಂಪು ಶಾಯಿಯ ಪ್ಯಾಡು ಇತ್ತು. ಅದನ್ನು ಅವರ ಕಡೆ ಸ್ವಲ್ಪ ತಳ್ಳಿದೆ. ಅವರು ಅದರ ಮುಚ್ಚಳ ಹಾಕಿದರು.

ಆಗ ಒಂದು ವಿಷಯ ಹೊರಗೆ ಬಂತು. ಕೆಲವು ಕಾಲ ಅವರು ಬಯಲುಸೀಮೆಯಲ್ಲಿದ್ದರು, ಅಲ್ಲಿ ರಾತ್ರಿ ಹಾರಾಟ ಇತ್ತು. ಆದರೆ ಅವರಲ್ಲಿ ಒಂದು ರೂಢಿ. ಇಬ್ಬರು ಹಾರುವಾಗ ಕ್ಯಾಪ್ಟನ್ ಯಾರೆಂದು ಮೊದಲೇ ಬರೆಯಬೇಕು. ಜೂನಿಯರು ಮೇಲೇರಬೇಕಾದರೆ ಅವನ ಹೆಸರಿಗೆ ರಾತ್ರಿಯ ಗಂಟೆಗಳು ಬೇಕು. ಹಿರಿಯರು ಅವನ ಹೆಸರು ಬರೆಸಿ, ತಾವು ಎರಡನೆಯವರಾಗಿ ಪಕ್ಕದಲ್ಲಿ ಕೂರುತ್ತಾರೆ. ಇವರ ಹಿರಿಯರು ಇವರಿಗೆ ಹಾಗೆ ಕೊಟ್ಟಿದ್ದರು, ಇವರು ಬಿಜಾಪುರದ ಕಡೆಯ ಒಬ್ಬ ಜೂನಿಯರಿಗೆ ಕೊಟ್ಟರು. ಹನ್ನೊಂದಕ್ಕಿಂತ ಜಾಸ್ತಿಯೇ ಕೊಟ್ಟಿದ್ದರು. ಅವನು ಆ ಗಂಟೆಗಳ ಮೇಲೆ ಇದೇ ಲೈಸೆನ್ಸು ಪಡೆದು, ಅದೇ ಮುಂಬೈ ಕಂಪನಿಯಲ್ಲಿ ಕ್ಯಾಪ್ಟನ್ ಆಗಿದ್ದ.

ಮತ್ತೇನು, ಆ ರಾತ್ರಿಗಳ ನಿಜವಾದ ಕ್ಯಾಪ್ಟನ್ ನೀವೇ ಎಂದು ಅವನ ಕೈಲಿ ಒಂದು ಕಾಗದ ಬರೆಸಿಕೊಳ್ಳಿ ಎಂದೆ.

“ಒಂದು ಗಂಟೆಗೆ ಒಬ್ನೇ ಕ್ಯಾಪ್ಟನ್ ಸೀಲಪ್ಪನೋರೇ,” ಎಂದರು. “ನಾನು ವಾಪಸ್ ತಗೊಂಡ್ರೆ ಅವನ ಲೈಸೆನ್ಸು ಸುಳ್ಳಾಗುತ್ತೆ. ಕೊಟ್ಟಿದ್ದು ಕೊಟ್ಟಾಯ್ತು.”

ಆ ಬಿಜಾಪುರದವನು ಪ್ರತಿ ಶನಿವಾರ ಸಮುದ್ರದಿಂದ ಇಳಿದ ತಕ್ಷಣ ಇವರಿಗೆ ಫೋನ್ ಮಾಡುತ್ತಿದ್ದ. ಬೆಳಗ್ಗೆ ಹತ್ತು, ಹನ್ನೊಂದರ ಹೊತ್ತು. ಇವರು ಆ ಹೊತ್ತಿಗೆ ಅಂಗಡಿ ಕಡೆ ಬಂದಿದ್ದರೆ ನನಗೂ ಕೇಳುತ್ತಿತ್ತು. “ಇಳದೇನ್ರಿ ಸರ.” “ಗಾಳಿ ಹೆಂಗಿತ್ತು?” “ಭಾಳ ಏನ್ ಇರ್ಲಿಲ್ರಿ.” ಅಷ್ಟೇ ಮಾತು. ಆಮೇಲೆ ಫೋನನ್ನು ಜೇಬಿಗೆ ಹಾಕಿಕೊಂಡು, ಮಗನಿಗೆ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದವರ ಹಾಗೆ ಕೂರುತ್ತಿದ್ದರು. ಇವರಾಗಿ ಎಂದೂ ಫೋನ್ ಮಾಡುತ್ತಿರಲಿಲ್ಲ. ಹಾರುವವನಿಗೆ ನೆಲದವರು ಕರೆ ಮಾಡಬಾರದು, ಇಳಿದವನು ಮಾಡಬೇಕು; ಅದೂ ಅವರ ಕಡೆಯ ರೂಢಿ.

ಈಗ ನನ್ನ ಪ್ರತಾಪ ಕೇಳಿ.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ಅವರ ಪಟ್ಟಿ ಕಂಪ್ಯೂಟರಿನಲ್ಲೇ ಇತ್ತು, ಅವರ ಸಹಿ ನನ್ನ ಬೆರಳಲ್ಲಿತ್ತು, ಬಿಜಾಪುರದವನ ವಿಳಾಸ ಹಳೇ ಕೊರಿಯರ್ ಚೀಟಿಯಲ್ಲಿತ್ತು. ಇವರು ಕೇಳುವವರಲ್ಲ, ನಾನೇ ಕೇಳಿದರೆ ಏನು ಅನ್ನಿಸಿತು. ಉಪಕಾರ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಒಂದೇ ಒಂದು ಸಲವಾದರೂ ಈ ಮನುಷ್ಯನಿಗೆ ಗೊತ್ತಾಗದ ಹಾಗೆ ಏನಾದರೂ ಮಾಡಿ ಗೆಲ್ಲಬೇಕೆಂಬ ಚಟವೂ ಇತ್ತು. ಅವರ ಹೆಸರಿನಲ್ಲಿ ಆಫೀಸಿನ ಇಂಗ್ಲಿಷಿನಲ್ಲಿ ಕಾಗದ ಹೊಡೆದೆ: ಆ ಹನ್ನೊಂದು ಗಂಟೆ ನನ್ನವು, ಹಾಗೆಂದು ಬರೆದು ಸಹಿ ಹಾಕಿ ಕಳಿಸು. ಓದಿದಾಗ ಸಪ್ಪೆ ಅನ್ನಿಸಿತು. ಮಿಲಿಟರಿ ಖದರು ಬರಲಿ ಎಂದು ಕೊನೆಗೆ ಒಂದು ಸಾಲು ಸೇರಿಸಿದೆ: ಇಲ್ಲದಿದ್ದರೆ ಮೇಲಿನವರಿಗೆ ಬರೆಯಬೇಕಾಗುತ್ತದೆ. ಗಡಿಯಾರ ನೋಡಿ ಬಲಮೂಲೆಯಲ್ಲಿ ತಾರೀಖಿನ ಕೆಳಗೆ 1540 ಎಂದು ಟೈಮನ್ನೂ ಹಾಕಿದೆ. ಇಂಥ ಸಣ್ಣ ವಿಷಯಗಳಲ್ಲೇ ನನ್ನ ಕೈಚಳಕ ಇರುವುದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು, ಅವರ ಸಹಿ ಹಾಕಿ ಕೊರಿಯರಿಗೆ ಕೊಟ್ಟೆ.

ಮುಂದಿನ ಶನಿವಾರ ಫೋನ್ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಡ್ಯೂಟಿ ಜಾಸ್ತಿ ಇರಬೇಕು ಎಂದರು. ಒಂದು ತಿಂಗಳಾಯಿತು, ಎರಡಾಯಿತು. ಶನಿವಾರ ಮಾತ್ರ ಸ್ಟೂಲಿನ ಮೇಲೆ ಒಂಬತ್ತಕ್ಕೆ ಏಳದೆ ಹನ್ನೆರಡರವರೆಗೂ ಕೂರತೊಡಗಿದರು. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಮೆಟ್ರೋ ಹೋದಾಗಲೆಲ್ಲ ಶಬ್ದದಲ್ಲಿ ರಿಂಗು ಕೇಳಿಸದೆ ಹೋದೀತೆಂದು ಅದರ ಮೇಲೆ ಕೈ ಇಡುತ್ತಿದ್ದರು. ಒಮ್ಮೆ ತಾವಾಗಿ ಕೇಳಿದರು: “ನಾನೇನಾದ್ರೂ ಅಂದಿರ್ಬಹುದಾ ಅವನಿಗೆ?” ನಾನು ಬಾಯಿ ಬಿಡಬೇಕಾಗಿದ್ದದ್ದು ಆಗ. ಬಿಟ್ಟೆ, ಆದರೆ ತಮಾಷೆಗೆ. ಅವನಿಗೆ ಮುಂಬೈ ಹೀರೋಯಿನ್ ಯಾರೋ ಗಂಟುಬಿದ್ದಿರಬೇಕು ಎಂದೆ. ಅವರು ನಕ್ಕರು. ನಗಬೇಕೆಂದು ನಕ್ಕದ್ದು.

ಹನ್ನೊಂದು ಗಂಟೆಯನ್ನು ನೇರ ದಾರಿಯಲ್ಲೇ ಸಂಪಾದಿಸುವುದೆಂದು ಅವರು ಮೊದಲೇ ನಿಶ್ಚಯಿಸಿದ್ದರು. ಪರರಾಜ್ಯದ ಒಂದು ತರಬೇತಿ ಶಾಲೆ, ನಮ್ಮ ಸಣ್ಣ ಹೆಲಿಕಾಪ್ಟರಿನಲ್ಲಿ ರಾತ್ರಿ ಹಾರಿ ನಿಮ್ಮ ಗಂಟೆ ತುಂಬಿಸಿಕೊಳ್ಳಿ ಎಂದಿತು. ಅದಕ್ಕೂ ಮೊದಲು ಡಾಕ್ಟರ ತಪಾಸಣೆ. ಎದೆಗೆ ವೈರು ಹಚ್ಚಿ ತೆಗೆದ ಗೆರೆಯಲ್ಲಿ ಏನೋ ಕಂಡಿತು. ಆರು ತಿಂಗಳು ಬಿಟ್ಟು ಬನ್ನಿ ಎಂದರು. ಆರು ತಿಂಗಳು ಅವರು ಉಪ್ಪು ಬಿಟ್ಟರು, ಬೆಳಗಿನ ಜಾವ ನಡೆದು ಕೆಂಗೇರಿ ಕಡೆಗೆ ಅರ್ಧ ದಾರಿ ಹೋಗಿ ಬರುತ್ತಿದ್ದರು. ಮತ್ತೆ ತೋರಿಸಿದಾಗ ಡಾಕ್ಟರು ಇನ್ನೊಂದು ದಿನಾಂಕವನ್ನೇ ಕೊಡಲಿಲ್ಲ, ಹಾರಲು ಅನರ್ಹ ಎಂದು ಕಾಗದ ಬರೆದುಕೊಟ್ಟರು.

ಆ ಕಾಗದವನ್ನು ಲ್ಯಾಮಿನೇಷನ್ ಮಾಡಿಸಲು ನನ್ನ ಹತ್ತಿರ ತಂದರು. ಇದಕ್ಕೆ ಯಾತಕ್ಕೆ ಪ್ಲಾಸ್ಟಿಕ್ಕು ಎಂದೆ. “ಪದೇ ಪದೇ ತೆಗೆದು ನೋಡ್ತೀನಿ, ಹರಿದುಹೋಗುತ್ತೆ,” ಎಂದರು. ಒಂದು ಸೀಲು ಒತ್ತಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಜೀವನದಲ್ಲಿ ಮೊದಲ ಸಲ ನುಂಗಿಕೊಂಡೆ. ಎದ್ದು ಮಷೀನಿನ ಸ್ವಿಚ್ಚು ಹಾಕಿದೆ.

ಅದಾಗಿ ಮೂರು ವಾರಕ್ಕೆ ಹೋದರು. ಬೆಳಗ್ಗೆ ಎಂಟಕ್ಕೆ ನಾನು ಶಟರ್ ಎತ್ತಿದಾಗ ಸ್ಕೂಟರಿನ ಹಿಂದೆ ಕುಕ್ಕುರುಗಾಲಲ್ಲಿ ಕೂತಿದ್ದರು, ಹಣೆ ಸೀಟಿಗೆ ಒರಗಿತ್ತು, ಕೈ ಹಿಂದಿನ ಟೈರಿನ ಮೇಲಿತ್ತು. ನಾನು ಬಚ್ಚಿಟ್ಟಿದ್ದ ಏನನ್ನೋ ಹುಡುಕುತ್ತಿದ್ದಾರೆ ಎಂದುಕೊಂಡು, ಇವತ್ತು ನಾನೇನೂ ಮಾಡಿಲ್ಲ ಕ್ಯಾಪ್ಟನ್ ಎಂದು ಎರಡು ಸಲ ಕೂಗಿ ಹೇಳಿದೆ. ಟೈರು, ಕನ್ನಡಿ, ದೀಪ ಎಲ್ಲ ನೋಡಿ ಮುಗಿದಿತ್ತು. ಬ್ರೇಕು ಒಂದು ಬಾಕಿ.

ಹನ್ನೊಂದನೆಯ ದಿನದ ಕಾರ್ಯ ಮಹಡಿಯಲ್ಲೇ ಆಯಿತು. ಹೆಗ್ಗನಹಳ್ಳಿಯ ನೆಂಟರೆಲ್ಲ ಊಟ ಮಾಡಿ ಇಳಿದ ಮೇಲೆ, ನಲವತ್ತರ ಆಸುಪಾಸಿನ ಒಬ್ಬ ಎತ್ತರದ ಮನುಷ್ಯ ನನ್ನ ಅಂಗಡಿಯ ಮುಂದೆ ನಿಂತು, ಸರ್ ಮನೆ ಪಕ್ಕದ ಮಹಡಿಯೇ ಏನ್ರಿ ಎಂದು ಕೇಳಿದ. ಮುಖ ನೋಡಿರಲಿಲ್ಲ, ದನಿ ಗೊತ್ತಾಯಿತು. ನಾನೇ ಮೇಲಕ್ಕೆ ಕರೆದುಕೊಂಡು ಹೋದೆ. ಬೇರೆ ದಾರಿ ಇರಲಿಲ್ಲ.

ಫೋಟೋದ ಮುಂದೆ ನಿಂತು ಕೈಮುಗಿದ. ಆಮೇಲೆ ಜೇಬಿನಿಂದ ಒಂದು ಕವರು ತೆಗೆದು ಮೇಡಂ ಕೈಗೆ ಕೊಟ್ಟ.

“ಸರ್ ಕೇಳಿದ್ರು. ಅವತ್ತ ಬರದ ಸಹಿ ಮಾಡೇನ್ರಿ. ಕಳಸಾಕ ಕೈ ಬರ್ಲಿಲ್ಲ. ಲೈಸೆನ್ಸ್ ಹೋದ್ರ ಹೆಂಗ ಅಂತ ಅಂಜಿದ್ನಿ. ಅದರ ಮ್ಯಾಲ ಸರ್ ಜೋಡಿ ಮಾತಾಡಾಕ ನನಗ ಮಾರಿ ಇರ್ಲಿಲ್ರಿ.”

ಕವರಿನಲ್ಲಿ ಎರಡು ಹಾಳೆ. ಒಂದು, ಹನ್ನೊಂದು ಗಂಟೆ ನನ್ನವಲ್ಲ ಎಂದು ಅವನು ಬರೆದು ಕಳಿಸದೆ ಇಟ್ಟಿದ್ದು. ಇನ್ನೊಂದು ನನ್ನ ಕಾಗದ. ಮೇಡಂ ನನ್ನದನ್ನು ಓದಿದರು. ಮಕ್ಕಳ ಉತ್ತರಪತ್ರಿಕೆ ತಿದ್ದುವವರು ಅಂಚಿನವರೆಗೂ ಓದುತ್ತಾರೆ. ಅವರ ಬೆರಳು ಬಲಮೂಲೆಯಲ್ಲಿ ನಿಂತಿತು.

“ಇದು ಅವರು ಬರೆದಿದ್ದಲ್ಲ,” ಎಂದರು.

“ಸಹಿ ಸರ್‍ದ ಐತ್ರಲ್ಲ.”

“ಸಹಿ ಅವರದೇ ಥರ ಇದೆ. ಟೈಮ್ ನೋಡಿ, ಮೂರೂ ನಲವತ್ತು. ಅವರು ಮಧ್ಯಾಹ್ನದ ಮೇಲೆ ಒಂದಕ್ಷರ ಬರೆದೋರಲ್ಲ.” ಆಮೇಲೆ ಕಾಗದವನ್ನು ಮಡಿಸುತ್ತಾ, ನನ್ನ ಕಡೆ ನೋಡದೆ ಕೇಳಿದರು: “ಸೀಲಪ್ಪನೋರೇ, ನಿಮ್ಮ ಅಂಗಡಿ ಮಧ್ಯಾಹ್ನ ಎಷ್ಟೊತ್ತಿಗೆ ಖಾಲಿ ಇರುತ್ತೆ?”

ಸುಳ್ಳು ಹೇಳುವುದರಲ್ಲಿ ನನಗೆ ಐವತ್ತು ವರ್ಷದ ಅನುಭವ. ಆದರೂ “ಮೂರರಿಂದ ನಾಲ್ಕು,” ಎಂದೆ.

ಬಿಜಾಪುರದವನು ನನ್ನನ್ನು ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆದರೆ ಒಳ್ಳೆಯದು ಎಂದೂ ಅನ್ನಿಸಿತು. ಅವನು ಮೇಡಂ ಕಡೆ ತಿರುಗಿದ.

“ಸರ್ ನನ್ನ ಫೋನಿಗೆ ಕಾಯ್ತಿದ್ರೇನ್ರಿ?”

“ಪ್ರತಿ ಶನಿವಾರ. ಹನ್ನೆರಡರ ತನಕ.”

ಅವನು ತನ್ನ ಹಾಳೆಯನ್ನು ಫೋಟೋದ ಕೆಳಗಿಟ್ಟು ಇಳಿದು ಹೋದ. ನಾನು ಹಿಂದೆಯೇ ಇಳಿದೆ, ಏನಾದರೂ ಹೇಳಬೇಕೆಂದು. ಅವನು ಸ್ಕೂಟರಿನ ಹತ್ತಿರ ನಿಂತಿದ್ದ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅದೇ ಕೈಯಲ್ಲಿ ಕಲಿತವನು. ಮುಂದಿನ ಟೈರು ಮುಟ್ಟಿದ, ಕನ್ನಡಿ ಮುಟ್ಟಿದ, ದೀಪ, ಹಿಂದಿನ ಟೈರು. ಅಲ್ಲಿ ಕೈ ನಿಂತಿತು. ಹೆಬ್ಬೆರಳಿನಿಂದ ಒತ್ತಿ ನೋಡಿದ. ಆಮೇಲೆ ಹಿಂದಿನ ಬ್ರೇಕನ್ನು ಒಮ್ಮೆ ಪೂರ್ತಿ ಅದುಮಿ ಬಿಟ್ಟ.

“ಹಿಂದಿನ ಟೈರಿನ್ಯಾಗ ಗಾಳಿ ಇಲ್ಲ,” ಎಂದು ನನ್ನ ಮುಖ ನೋಡಿದ.

ಅದು ನಾನು ಬಿಟ್ಟ ಗಾಳಿಯಲ್ಲ. ಹನ್ನೊಂದು ದಿನದಲ್ಲಿ ತಾನಾಗಿ ಇಳಿದಿತ್ತು. ಹಾಗೆಂದು ಹೇಳಿದೆ. ಅವನು ಕೈಯ ಧೂಳು ಒರೆಸಿಕೊಂಡು ಮೆಟ್ರೋ ಕಡೆ ನಡೆದ. ನಾನು ಹೇಳಿದ ಮಾತು ನಿಜವಾಗಿದ್ದರೂ ನನ್ನ ಕಿವಿಗೇ ನಿಜ ಅನ್ನಿಸಲಿಲ್ಲ.